ಕಟಿಂಗ್ ಮೇಜಿನ ಮೇಲೆ ನನ್ನ ಡಬ್ಬ

ಫೆಬ್ರವರಿ 3, ಸೋಮವಾರ

ಬೆಳಗ್ಗೆಯಿಂದ ಪ್ಯಾಂಟ್ ಕತ್ತರಿಸಿದ್ದೇ ಕತ್ತರಿಸಿದ್ದು. ಹೊಸ ಕತ್ತರಿ ಇನ್ನೂ ಕೈಗೆ ಒಗ್ಗಿಲ್ಲ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ.

ಮಧ್ಯಾಹ್ನ ಯಜಮಾನರು ಗಾಜಿನ ಕ್ಯಾಬಿನ್ನಿನಿಂದ ಹೊರಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಮುಂದಿನ ತಿಂಗಳ ಕೊನೆಯಿಂದ ಪ್ಯಾಟರ್ನ್ ಎಲ್ಲ ಕಂಪ್ಯೂಟರಿನಲ್ಲೇ. ಕಂದು ಕಾಗದ, ಚಾಕು, ಸ್ಕೇಲು ಎಲ್ಲ ಮೂಲೆಗೆ. ಮಾರ್ಚ್ ಕೊನೆಗೆ ಒಂದು ಪರೀಕ್ಷೆ. ಕಂಪ್ಯೂಟರ್ ಬಂದವರು ಕಟಿಂಗ್ ಮಾಸ್ಟರ್, ಬಾರದವರು ಗುಂಡಿ ಹಚ್ಚುವ ಟೇಬಲ್.

ಈ ಶಾಲಾ ಯೂನಿಫಾರ್ಮ್ ಹೊಲಿಯುವ ಶೆಡ್ಡಿನಲ್ಲಿ ಕತ್ತರಿಸುವವಳು ನಾನೊಬ್ಬಳೇ. ಅಂದರೆ ಹೇಳಿದ್ದು ನನಗೇ.

"ಸಾರ್, ಕ್ಯಾಬಿನ್ ಕಂಪ್ಯೂಟರಲ್ಲಿ ದಿನಾ ಅರ್ಧ ಗಂಟೆ ಕಲೀಲಾ?"

"ಅದರಲ್ಲಿ ನಮ್ಮ ಲೆಕ್ಕಪತ್ರ ಇದೆ ಕಣಮ್ಮ. ನನ್ನ ಭಾಮೈದ ಬಿಟ್ರೆ ಯಾರೂ ಮುಟ್ಟೋ ಹಾಗಿಲ್ಲ. ಗುಂಡಿ ಟೇಬಲ್ ಅಂದ್ರೆ ಕೂತ್ಕೊಂಡು ಮಾಡೋ ಕೆಲಸ. ಈ ವಯಸ್ಸಲ್ಲಿ ನಿನಗೂ ಆರಾಮ."

ಈ ವಯಸ್ಸಂತೆ. ನನಗೆ ನಲವತ್ತಾರು. ಅವರಿಗೆ ಅರವತ್ತು ದಾಟಿದೆ, ಅವರು ಯಾವ ಟೇಬಲ್ಲಿಗೂ ಹೋಗುತ್ತಿಲ್ಲ.

ಮೇಜು ನನ್ನದು. ಬಿಡುವುದಿಲ್ಲ.

ಫೆಬ್ರವರಿ 5

ಮನೆಯಲ್ಲಿ ಹೇಳಿದೆ. ಕಂಪ್ಯೂಟರ್ ತಗೊಳ್ತೀನಿ ಅಂತ.

ಇವರು ಶಾಲೆ ವ್ಯಾನಿನ ಕೀ ಮೊಳೆಗೆ ಸಿಕ್ಕಿಸುತ್ತಾ ಮನೆಯನ್ನೆಲ್ಲ ಒಮ್ಮೆ ನೋಡಿದರು. ನೋಡಲಿಕ್ಕೆ ಎಷ್ಟು ಹೊತ್ತು ಬೇಕು? ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ನಮ್ಮ ಹಾಸಿಗೆ, ಅತ್ತೆಯ ಮಂಚ, ನನ್ನ ಹೊಲಿಗೆ ಮಿಷನ್, ಟಿವಿ.

"ಎಲ್ಲಿ ಇಡ್ತೀಯಾ? ನನ್ನ ತಲೆ ಮೇಲಾ?"

"ನಿಮ್ಮ ತಲೆ ಮೇಲೆ ಜಾಗ ಇದೆ, ಕೂದಲಂತೂ ಇಲ್ಲ."

ಅತ್ತೆ ಮಂಚದ ಮೇಲೆ ಕಿಸಕ್ಕನೆ ನಕ್ಕರು. ಇವರಿಗೆ ನಗು ಬರಲಿಲ್ಲ. ಗುಂಡಿ ಹಚ್ಚೋದೂ ಕೆಲಸಾನೇ ಅಲ್ವಾ, ಸಂಬಳ ಬಂದರೆ ಸಾಲದಾ ಅಂದರು. ಅದಕ್ಕೆ ಉತ್ತರ ಕೊಟ್ಟಿದ್ದರೆ ರಾತ್ರಿ ಊಟ ಇರುತ್ತಿರಲಿಲ್ಲ.

ಟಿವಿ ಸ್ಟ್ಯಾಂಡಿನ ಕೆಳಗೆ ಒಂದು ಖಾನೆ ಇದೆ. ಟೇಪ್ ಹಿಡಿದು ಅಳೆದೆ. ಎತ್ತರ ಕಡಿಮೆ, ಅಗಲ ಪರವಾಗಿಲ್ಲ. ಆ ಖಾನೆಯಲ್ಲಿ ಕೂರಬೇಕು. ಬೇಕಾದಾಗ ಚೀಲದಲ್ಲಿ ಹಾಕಿ ಹೊತ್ತುಕೊಂಡು ಹೋಗುವಂತಿರಬೇಕು. ಅಂಥದ್ದು ಸಿಗುವುದಿಲ್ಲ ಅಂದರೆ ಮಾಡಿಸುತ್ತೇನೆ. ಅಥವಾ ನಾನೇ ಮಾಡುತ್ತೇನೆ.

ಫೆಬ್ರವರಿ 8, ಶನಿವಾರ

ಹಳೇ ಕಂಪ್ಯೂಟರ್ ಅಂಗಡಿ ಸಾಲಿಗೆ ಹೋಗಿದ್ದೆ. ನಾಲ್ಕು ಅಂಗಡಿಯವರು 'ಮಗನಿಗಾ ಮೇಡಂ?' ಅಂದರು. ಐದನೆಯವನು ಕೇಳಲಿಲ್ಲ. ಅಲ್ಲೇ ಕೂತೆ. ಅವನ ಹೆಸರು ಕೇಳಲಿಲ್ಲ, ಪಾರ್ಟ್ಸ್ ಅಣ್ಣ ಅಂತ ನಾನೇ ಇಟ್ಟುಕೊಂಡೆ.

"ಅಕ್ಕ, ಈ ದುಡ್ಡಿಗೆ ಲ್ಯಾಪ್‌ಟಾಪ್ ಅಂದ್ರೆ ಹಳೇದು ಬರುತ್ತೆ, ಕೆಟ್ರೆ ರಿಪೇರಿ ಇಲ್ಲ. ದೊಡ್ಡ ಡಬ್ಬ ಅಗ್ಗ. ಚಿಕ್ಕದು ಅಂದ್ರೇನೇ ದುಬಾರಿ."

ಅದು ನನಗೆ ಹೇಳಿಕೊಡಬೇಕೇ. ಮಗುವಿನ ಅಂಗಿ ಗೇಣುದ್ದ ಇರುತ್ತದೆ, ಹೊಲಿಯುವ ಕೂಲಿ ಯಾಕೆ ಇಷ್ಟು ಅಂತ ಎಲ್ಲ ತಾಯಂದಿರೂ ಜಗಳ ತೆಗೆಯುತ್ತಾರೆ. ಕಾಲರ್ ಅದೇ, ತೋಳು ಅದೇ, ಕೆಲಸ ಮಾತ್ರ ಹೆಚ್ಚು.

ಆಫೀಸಿನವರು ಬಿಟ್ಟ ರೆಡಿಮೇಡ್ ಪುಟ್ಟ ಡಬ್ಬ ಒಂದು ತೋರಿಸಿದ. ಅಗ್ಗ, ಚೆಂದ. ಪ್ಯಾಟರ್ನ್ ಸಾಫ್ಟ್‌ವೇರ್ ಹಾಕಿ ಎಲ್ಲ ಸೈಜು ಒಟ್ಟಿಗೆ ತೆರೆಸಿದೆ. ಮುಸುಡಿ ತಿರುಗಿಸಿ ನಿಂತೇ ಬಿಟ್ಟಿತು. ಬೇಡ ಅಂದೆ.

ಕೊನೆಗೆ ಬಿಡಿಬಿಡಿಯಾಗಿ ಆರಿಸಿದೆವು. ಅಂಗೈಯಗಲದ ಸೆಕೆಂಡ್‌ಹ್ಯಾಂಡ್ ಮದರ್‌ಬೋರ್ಡ್. ಚಿತ್ರ ತೋರಿಸುವ ಕೆಲಸವನ್ನೂ ತಾನೇ ಮಾಡುವ ಪ್ರೊಸೆಸರ್, ಹಾಗಾಗಿ ಗ್ರಾಫಿಕ್ಸ್ ಕಾರ್ಡಿನ ಖರ್ಚೂ ಇಲ್ಲ, ಜಾಗವೂ ಬೇಡ. ಕರೆಂಟಿಗೆ ಲ್ಯಾಪ್‌ಟಾಪಿನ ಹಾಗೆ ಹೊರಗಿನ ಅಡಾಪ್ಟರ್. ಸ್ಕ್ರೀನ್ ಕೊಳ್ಳುವುದಿಲ್ಲ, ಮನೆಯ ಟಿವಿಯೇ ಸಾಕು. ಡಬ್ಬ ಮತ್ತು ಪ್ರೊಸೆಸರ್ ತಣ್ಣಗಿಡುವ ಫ್ಯಾನು ಎರಡನ್ನೂ ನಾನೇ ಅಳೆದು ಆರಿಸಿದೆ. ಅಳತೆ ಅಂದರೆ ನಾನು ಬೇರೆಯವರ ಮಾತು ಕೇಳುವವಳಲ್ಲ.

"ನೋಡ್ಕೊಳ್ಳಿ ಅಕ್ಕ, ಈ ಫ್ಯಾನ್ ಸ್ವಲ್ಪ ಎತ್ತರ."

"ಅಳೆದಿದ್ದೀನಿ ಅಣ್ಣ."

ಫೆಬ್ರವರಿ 16, ಭಾನುವಾರ, ಮಧ್ಯಾಹ್ನ

ಕತ್ತರಿಸುವ ಹಲಗೆ ನೆಲಕ್ಕೆ ಹಾಕಿ, ಮೇಲೆ ಹಾಸು ಹಾಸಿ, ಒಂದೊಂದೇ ಜೋಡಿಸಿದೆ. ಪ್ರೊಸೆಸರ್ ಕೂರಿಸುವಾಗ ಉಸಿರು ಬಿಗಿಹಿಡಿದಿದ್ದೆ. ಮೆಮೊರಿ ಕಟಕ್ ಅಂತ ಕೂತಿತು. ಫ್ಯಾನಿನ ಸ್ಕ್ರೂ ಓರೆಯಿಂದ ಓರೆಗೆ, ಸ್ವಲ್ಪ ಸ್ವಲ್ಪವೇ ಬಿಗಿದೆ. ಅತ್ತೆ ಮಂಚದಿಂದ ಬಗ್ಗಿ ಟಾರ್ಚ್ ಹಿಡಿದಿದ್ದರು. ಅರ್ಧ ಹೊತ್ತು ಬೆಳಕು ನನ್ನ ಮೂಗಿನ ಮೇಲೆ.

ಮುಚ್ಚಳ ಹಾಕಿದೆ. ಕೂರಲಿಲ್ಲ.

ಮತ್ತೆ ಹಾಕಿದೆ. ಅರ್ಧ ಇಂಚು ಎದ್ದು ನಿಂತಿದೆ. ಫ್ಯಾನು ತಾಗುತ್ತಿದೆ.

ಮೂವತ್ತು ವರ್ಷ ಜನರ ಮೈಯನ್ನು ಹೊರಗಿನಿಂದ ಅಳೆದವಳು ನಾನು. ಡಬ್ಬವನ್ನೂ ಹೊರಗಿನಿಂದಲೇ ಅಳೆದೆ. ಒಳಗೆ ಬೋರ್ಡು ಗಿಡ್ಡ ಕಾಲುಗಳ ಮೇಲೆ ನಿಲ್ಲುತ್ತದೆ, ಅದರ ಮೇಲೆ ಪ್ರೊಸೆಸರ್, ಅದರ ಮೇಲೆ ಫ್ಯಾನು. ಕೋಟಿನ ಲೈನಿಂಗ್ ಮರೆತು ಅಳತೆ ತೆಗೆದ ಹಾಗಾಯಿತು. ಬಟ್ಟೆಯಾಗಿದ್ದರೆ ಎಳೆದು ಕೂರಿಸುತ್ತಿದ್ದೆ. ತಗಡು ಯಾರ ಮಾತೂ ಕೇಳುವುದಿಲ್ಲ.

ಇವರು ಬಾಗಿಲಲ್ಲಿ ನಿಂತು ನೋಡಿದರು. ನಗು ತಡೆದರೂ ಮೀಸೆ ಅಲ್ಲಾಡಿತು. ಅದು ಇನ್ನೂ ಕೆಟ್ಟದ್ದು.

ಫೆಬ್ರವರಿ 17

ಪಾರ್ಟ್ಸ್ ಅಣ್ಣ ವಾಪಸ್ ತೆಗೆದುಕೊಳ್ಳುವುದಿಲ್ಲ. ಗಿಡ್ಡ ಫ್ಯಾನು ತರಿಸಬೇಕಂತೆ, ಯಾವಾಗ ಬರುತ್ತದೋ ಗೊತ್ತಿಲ್ಲ, ಬೆಲೆಯೂ ಇದರ ಎರಡರಷ್ಟು.

"ಮುಚ್ಚಳ ಇಲ್ದೇನೇ ಇಟ್ಕೊಳ್ಳಿ ಅಕ್ಕ, ನಡೆಯುತ್ತೆ."

ಹೊತ್ತುಕೊಂಡು ಓಡಾಡುವ ಡಬ್ಬ ಮುಚ್ಚಳವಿಲ್ಲದೆ ಹೇಗೆ ನಡೆಯುತ್ತದೆ. ನಾಚಿಕೆಯಾಯಿತು, ಸಿಟ್ಟೂ ಬಂತು. ಎರಡೂ ನನ್ನ ಮೇಲೆಯೇ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡು ಬಂದೆ.

ಫೆಬ್ರವರಿ 18

ಬೆಳಗ್ಗೆ ಶೆಡ್ಡಿನಲ್ಲಿ ಒಂದು ಬ್ಲೇಜರ್ ವಾಪಸ್ ಬಂತು. ಕಂಕುಳಲ್ಲಿ ಬಿಗಿಯಂತೆ. ಬಿಚ್ಚಿ, ಒಂದು ತುಂಡು ಸೇರಿಸಿ ಕೊಟ್ಟೆ. ಹತ್ತು ನಿಮಿಷದ ಕೆಲಸ. ಕೊಟ್ಟ ಮೇಲೆ ಕತ್ತರಿ ಹಿಡಿದು ಹಾಗೇ ನಿಂತೆ.

ಬಿಗಿಯಾದದ್ದನ್ನು ಎಸೆಯುತ್ತೇವೆಯೇ? ಆಲ್ಟರೇಷನ್ ಮಾಡುತ್ತೇವೆ.

ಫೆಬ್ರವರಿ 23, ಭಾನುವಾರ

ಮೊದಲು ಕಾಗದದಲ್ಲಿ ಮುಚ್ಚಳದ ಪ್ಯಾಟರ್ನ್ ತೆಗೆದೆ. ಈ ಸಲ ಒಳಗಿನಿಂದ ಅಳೆದು. ಫ್ಯಾನು ಎಲ್ಲಿ ತಾಗುತ್ತದೋ ಅಲ್ಲಿ ಒಂದು ದುಂಡು. ಪಾರ್ಟ್ಸ್ ಅಣ್ಣನ ಗುಜರಿಯಲ್ಲಿ ಹಳೆಯ ಸ್ಪೀಕರಿನ ಉಬ್ಬು ಜಾಲರಿ ಸಿಕ್ಕಿತು, ಪುಕ್ಕಟೆ. ಬೀದಿ ತುದಿಯ ತಗಡಿನ ಕೆಲಸದವರ ಹತ್ತಿರ ಮುಚ್ಚಳ ಒಯ್ದು ದುಂಡು ಕೊಯ್ಯಿಸಿದೆ. ಅಂಚು ಕೈಗೆ ತಾಗದ ಹಾಗೆ ಉಜ್ಜಿಸಿದೆ. ಜಾಲರಿಯನ್ನು ನಾಲ್ಕು ಬೋಲ್ಟಿನಲ್ಲಿ ಬಿಗಿದೆ.

ಮುಚ್ಚಳ ಕೂತಿತು. ಸ್ವಿಚ್ ಒತ್ತಿದೆ. ಟಿವಿಯಲ್ಲಿ ಬೆಳಕು ಬಂತು. ಎದೆ ಡವಡವ ಅನ್ನುತ್ತಿತ್ತು, ಫ್ಯಾನಿನ ಸದ್ದಿಗಿಂತ ಜೋರು.

ಅತ್ತೆ ಹತ್ತಿರ ಬಂದು ಉಬ್ಬಿನ ಮೇಲೆ ಕೈಯಾಡಿಸಿದರು.

"ಇದಕ್ಕೆ ಹೊಟ್ಟೆ ಬಂದಿದೆಯಲ್ಲೇ."

"ಐದನೇ ತಿಂಗಳು ಅತ್ತೆ."

ಖಾನೆಯಲ್ಲಿ ಇಟ್ಟೆ. ಮೇಲೆ ಒಂದು ಬೆರಳು ತೂರುವಷ್ಟು ಜಾಗ ಉಳಿದಿದೆ. ಇವರು ಬಂದು ನೋಡಿ, "ಕೂತಿತಲ್ಲ" ಅಂದರು. ಮೀಸೆ ಅಲ್ಲಾಡಲಿಲ್ಲ.

ಮಾರ್ಚ್ 9

ಬರೆಯಲು ಪುರಸೊತ್ತಿಲ್ಲ. ಕೆಲಸದಿಂದ ಬಂದವಳೇ ಮೌಸ್ ಹಿಡಿಯುತ್ತೇನೆ. ಪಾರ್ಟ್ಸ್ ಅಣ್ಣ ಹಾಕಿಕೊಟ್ಟದ್ದು ದುಡ್ಡು ಕೇಳದ ಸಾಫ್ಟ್‌ವೇರ್. ಕ್ಯಾಬಿನ್ನಿನಲ್ಲಿರುವುದು ಬೇರೆ, ದುಬಾರಿಯದ್ದು. ಇರಲಿ.

ಮೌಸ್ ನನ್ನ ಕೈಯಲ್ಲಿ ಸಾಬೂನಿನ ಹಾಗೆ ಜಾರುತ್ತದೆ. ತೋಳಿನ ಬಾಗು ಎಳೆಯಲು ಹೋದರೆ ಸೌತೆಕಾಯಿ ಬರುತ್ತದೆ. ನಿನ್ನೆ ಅಳು ಬಂತು. ಅಳುತ್ತಲೇ ಇನ್ನೊಂದು ತೋಳು ಎಳೆದೆ.

ದೊಡ್ಡ ತಕರಾರು ಟಿವಿಯದ್ದು. ಅತ್ತೆಯ ಸೀರಿಯಲ್ ಹೊತ್ತೂ ನನ್ನ ಹೊತ್ತೂ ಒಂದೇ. ಮೊದಲ ವಾರ ಮುಖ ಊದಿಸಿಕೊಂಡಿದ್ದರು. ಮಾತು ಬಿಟ್ಟರು. ಕಾಫಿ ಲೋಟ ಕುಕ್ಕಿದರು. ನಾನೂ ಜಗ್ಗಲಿಲ್ಲ. ಎರಡನೇ ವಾರ ಸುಮ್ಮನೆ ಕೂತು ನೋಡತೊಡಗಿದರು. ಇವತ್ತು ಇವರು ಬಂದು ಚಾನೆಲ್ ಬದಲಿಸಲು ರಿಮೋಟ್ ಎತ್ತಿದರೆ ಅತ್ತೆ ಕಸಿದುಕೊಂಡರು.

"ಇರೋ, ಆ ತೋಳು ಸೇರುತ್ತೋ ಇಲ್ವೋ ನೋಡ್ಬೇಕು."

ಮಾರ್ಚ್ 22

ಬ್ಲೇಜರ್ ಬಂತು. ಹುಡುಗಿಯರ ಪಿನಫೋರ್ ಬಂತು. ಒಂದು ಸೈಜಿನಿಂದ ಮಿಕ್ಕ ಸೈಜುಗಳೂ ಬರುತ್ತಿವೆ. ಇಷ್ಟು ವರ್ಷ ಕೈಯಲ್ಲಿ, ತಲೆಯಲ್ಲಿ ಇಟ್ಟುಕೊಂಡಿದ್ದ ಅಳತೆಗಳನ್ನೆಲ್ಲ ಒಂದೊಂದಾಗಿ ಡಬ್ಬಕ್ಕೆ ಇಳಿಸುತ್ತಿದ್ದೇನೆ. ಗೂನು ಬೆನ್ನಿಗೆ ಎಷ್ಟು ಬಿಡಬೇಕು, ಬೆಳೆಯುವ ಮಕ್ಕಳ ಕೈಗೆ ಎಷ್ಟು ಮಡಿಕೆ. ಯಾರೂ ಹೇಳಿಕೊಟ್ಟದ್ದಲ್ಲ. ಕೆಡಿಸಿ ಕೆಡಿಸಿ ಕಲಿತದ್ದು.

ಮಾರ್ಚ್ 27, ಗುರುವಾರ

ನಾಳೆ ಪರೀಕ್ಷೆ. ಕ್ಯಾಬಿನ್ ಕಂಪ್ಯೂಟರಿನಲ್ಲೇ ಆಗಬೇಕಂತೆ. ನನಗೆ ಬರುವುದು ನನ್ನ ಡಬ್ಬದ್ದು ಮಾತ್ರ.

"ನಂದೇ ತರ್ತೀನಿ ಸಾರ್."

"ಏನನ್ನ?"

"ಕಂಪ್ಯೂಟರ್."

ಭಾಮೈದ ಕತ್ತೆತ್ತಿ ನೋಡಿದ. ಯಜಮಾನರು ನಕ್ಕರು. ತಮಾಷೆ ಅಂದುಕೊಂಡರು, ತಗೊಂಡ್ ಬಾ ಅಂದರು. ನಾಲ್ಕು ಜನ ಕೇಳಿಸಿಕೊಂಡಿದ್ದಾರೆ. ಇನ್ನು ಹಿಂದಕ್ಕೆ ಹೋಗುವ ಹಾಗಿಲ್ಲ.

ಡಬ್ಬಕ್ಕೆ ದಪ್ಪ ಬಟ್ಟೆಯ ಚೀಲ ಹೊಲಿದೆ. ಉಬ್ಬಿಗೆ ಬೇರೆ ಜಾಗ ಬಿಟ್ಟು. ಟಿವಿ ಹೇಗೆ ಒಯ್ಯುವುದು ಅಂತ ಕೂತಿದ್ದಾಗ ಅತ್ತೆಯೇ ಮಗನಿಗೆ ಹೇಳಿದರು. "ನಾಳೆ ಶಾಲೆ ಮಕ್ಕಳನ್ನ ಇಳಿಸಿ ಬಂದು ಟಿವಿ ವ್ಯಾನಿಗೆ ಹಾಕ್ಕೋ. ನನ್ನ ಕಂಬಳಿ ಸುತ್ತು, ಗೀರಾಗ್ಬಾರ್ದು."

ಇವರು ಹೂಂ ಅಂದರು. ಬರೀ ಹೂಂ. ಆದರೂ ಮನಸ್ಸು ತುಂಬಿ ಬಂತು.

ಮಾರ್ಚ್ 28, ಶುಕ್ರವಾರ, ಸಂಜೆ

ಬರೆಯಬೇಕು.

ಕಟಿಂಗ್ ಮೇಜಿನ ಮೇಲೆ ಟಿವಿ ನಿಲ್ಲಿಸಿದೆ. ಪಕ್ಕದಲ್ಲಿ ಡಬ್ಬ. ಗುಂಡಿ ಟೇಬಲಿನ ಮೂವರು ಹೆಂಗಸರೂ ಎದ್ದು ಬಂದರು. "ಇಷ್ಟೇನಾ ಮಾಸ್ಟರಮ್ಮ? ನೀವೇ ಜೋಡಿಸಿದ್ದಾ?" ಅವರಲ್ಲಿ ಚಿಕ್ಕವಳು ಮೆಲ್ಲಗೆ, "ನಮಗೂ ಬರುತ್ತಾ ಇದು?" ಅಂದಳು. ಯಜಮಾನರು ಕೆಮ್ಮಿದರು. ಮೂವರೂ ಹೋಗಿ ಕೂತರು.

ಕೊಟ್ಟ ಕೆಲಸ ಬ್ಲೇಜರ್, ಎಲ್ಲ ಸೈಜೂ. ಹೋಲಿಸಿ ನೋಡಲು ಭಾಮೈದನಿಗೂ ಅದೇ ಕೆಲಸ, ಕ್ಯಾಬಿನ್ನಿನಲ್ಲಿ. ಅವನು ಊಟದ ಹೊತ್ತಿಗೇ ಮುಗಿಸಿದ. ನಾನು ನಾಲ್ಕು ಗಂಟೆಗೆ. ಅವನೇ ಬಂದು ನನ್ನದನ್ನು ನೋಡಿ, "ಅಕ್ಕ, ಹನ್ನೆರಡರ ಸೈಜಲ್ಲಿ ತೋಳು ತಪ್ಪಿದೆ ನೋಡಿ" ಅಂದ. ನಿಜ. ತಿದ್ದಿದೆ. ಒಳ್ಳೆಯ ಹುಡುಗ, ಯಾರ ಭಾಮೈದನೋ ಪಾಪ. ಪ್ರಿಂಟ್ ತೆಗೆಸಿ ಬಟ್ಟೆಯ ಮೇಲೆ ಹಾಕಿದೆವು. ಎರಡೂ ಸರಿ ಬಂದವು.

ಯಜಮಾನರು ಗಲ್ಲ ಕೆರೆದುಕೊಂಡರು. "ಸರಿ. ಮಾಸ್ಟರ್ ಕೆಲಸ ನಿಂದೇ."

ಉಸಿರು ಬಿಟ್ಟೆ. ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

"ಆ ಡಬ್ಬ ಇಲ್ಲೇ ಬಿಟ್ಟು ಹೋಗು. ಇನ್ಮೇಲೆ ಕ್ಯಾಬಿನ್ನಲ್ಲಿರುತ್ತೆ. ಅದರಲ್ಲಿರೋ ಪ್ಯಾಟರ್ನೆಲ್ಲ ನಮ್ಮದೇ ತಾನೆ."

"ಬ್ಲೇಜರ್ ನಿಮ್ಮದು ಸಾರ್, ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ. ಮಿಕ್ಕಿದ್ದು ನಾನು ಮನೇಲಿ ಕೂತು ಬರ್ದಿದ್ದು. ಡಬ್ಬ ನಂದು."

"ಹಾಗಾದ್ರೆ ಗುಂಡಿ ಟೇಬಲ್ಲೇ."

"ಅದೂ ಬೇಡ ಸಾರ್."

ಬ್ಲೇಜರ್ ಫೈಲು ಭಾಮೈದನ ಕೈಗೆ ಕೊಟ್ಟೆ. ಪ್ಲಗ್ ಕಿತ್ತೆ. ಕರೆದೊಯ್ಯಲು ಬಂದಿದ್ದ ಇವರು ಟಿವಿ ಎತ್ತಿಕೊಂಡು ನಡೆದರು. ಡಬ್ಬ ಚೀಲಕ್ಕೆ ಹಾಕಿ, ಹೆಗಲಿಗೇರಿಸಿ ಹೊರಗೆ ಬಂದೆ. ವ್ಯಾನಿನೊಳಗೆ ಕೂತ ಮೇಲೆ ಅತ್ತೆಯ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಗೋಳೋ ಅಂತ ಅತ್ತುಬಿಟ್ಟೆ. ಇವರು ಗಾಡಿ ಬಿಟ್ಟದ್ದು ನಾನು ಮುಖ ಒರೆಸಿಕೊಂಡ ಮೇಲೆಯೇ.

ಮಾರ್ಚ್ 29

ಹೆದರಿಕೆ. ಸುಳ್ಳು ಯಾಕೆ ಬರೆಯಲಿ. ಬೆಳಗ್ಗೆ ಎದ್ದರೆ ಹೋಗಲು ಜಾಗವಿಲ್ಲ.

ಇವರು ಏನಾದರೂ ಅಂದಾರು ಅಂತ ಕಾದಿದ್ದೆ, ಜವಾಬೂ ರೆಡಿ ಇಟ್ಟುಕೊಂಡಿದ್ದೆ. ತಿಂಡಿ ತಿಂದು, ಕೈ ತೊಳೆದು, ಹೇಳಿದ್ದು ಇಷ್ಟು:

"ವ್ಯಾನಿನ ಸೀಟ್ ಕವರ್ ಹರಿದು ಹೋಗಿದೆ. ನಿನ್ನ ಡಬ್ಬದಲ್ಲಿ ಸೀಟು ಬರುತ್ತಾ?"

ಬರುತ್ತೆ ಅಂದೆ. ಮೊದಲ ಗಿರಾಕಿ. ಕೂಲಿ ಕೊಡುವ ಪೈಕಿ ಅಲ್ಲ, ಆದರೂ ಗಿರಾಕಿ. ಸೀಟು ಅಳೆಯಲು ಟೇಪ್ ಹಿಡಿದು ಹೋದೆ.

ಮಾರ್ಚ್ 31, ಸೋಮವಾರ, ಸಂಜೆ ಐದೂವರೆ

ಯಜಮಾನರು ಬಂದಿದ್ದಾರೆ. ನಮ್ಮ ಮನೆಗೆ. ಅತ್ತೆಯ ಮಂಚದ ತುದಿಯಲ್ಲಿ ಕೂತಿದ್ದಾರೆ, ಬೇರೆ ಜಾಗ ಇಲ್ಲ. ಶಾಲೆಯ ಬಟ್ಟೆ ಥಾನುಗಟ್ಟಲೆ ಬಂದು ಬಿದ್ದಿದೆಯಂತೆ. ಭಾಮೈದ ಪ್ಯಾಟರ್ನ್ ಬರೆದು ಕೊಟ್ಟಿದ್ದಾನೆ, ಕತ್ತರಿ ಮಾತ್ರ ಮುಟ್ಟುವುದಿಲ್ಲ ಅಂದನಂತೆ.

"ಡಬ್ಬ ನಿನ್ನ ಹತ್ರಾನೇ ಇರ್ಲಿ. ನಾಳೆ ಬಂದ್ಬಿಡಮ್ಮ."

"ಒಂದು ನಿಮಿಷ ಸಾರ್" ಅಂದು ಅಡುಗೆಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅಲ್ಲೇ ಹೂಂ ಅಂದುಬಿಡುತ್ತಿದ್ದೆ, ಬಾಯಿ ತುದಿಗೆ ಬಂದಿತ್ತು. ಆಮೇಲೆ ಗುಂಡಿ ಟೇಬಲಿನ ಚಿಕ್ಕವಳ ಮುಖ ನೆನಪಾಯಿತು.

ಹೋಗುತ್ತೇನೆ. ಡಬ್ಬ ನನ್ನ ಜೊತೆ ಬರುತ್ತದೆ, ನನ್ನ ಜೊತೆಯೇ ವಾಪಸ್ ಹೋಗುತ್ತದೆ. ಅದನ್ನು ಅವರೇ ಒಪ್ಪಿದ್ದಾರೆ. ನಾನು ಕೇಳುವುದು ಇನ್ನೊಂದು. ಊಟದ ಹೊತ್ತಿನಲ್ಲಿ ಆ ಮೂವರೂ ನನ್ನ ಮೇಜಿಗೆ ಬರುತ್ತಾರೆ, ನನ್ನ ಡಬ್ಬದಲ್ಲಿ ಕಲಿಯುತ್ತಾರೆ. ಯಾರೂ ಮುಟ್ಟುವ ಹಾಗಿಲ್ಲ ಅನ್ನುವ ಮಾತು ಕ್ಯಾಬಿನ್ನಿನ ಗಾಜಿನ ಒಳಗೇ ಇರಲಿ. ನನ್ನ ಮೇಜಿನ ಮೇಲೆ ಎಲ್ಲರೂ ಮುಟ್ಟುತ್ತಾರೆ.

ಕೆಮ್ಮುತ್ತಿದ್ದಾರೆ. ಕೆಮ್ಮಲಿ. ಇದು ನನ್ನ ಮನೆ, ಇಲ್ಲಿ ಆ ಕೆಮ್ಮಿಗೆ ಯಾರೂ ಹೋಗಿ ಕೂರುವುದಿಲ್ಲ.

ಒಪ್ಪಿದರೆ ನಾಳೆ ಒಂಬತ್ತಕ್ಕೆ. ಒಪ್ಪದಿದ್ದರೆ ಆ ಮೂವರಿಗೂ ಇವತ್ತೇ ಫೋನ್ ಮಾಡಿ, ಸಂಜೆ ಹೊತ್ತು ಇಲ್ಲಿಗೇ ಬನ್ನಿ, ಜಾಗ ಇಲ್ಲದಿದ್ದರೆ ಮಾಡ್ಕೊಳ್ಳೋಣ ಅಂತ ಹೇಳುತ್ತೇನೆ. ಪೆನ್ನು ಇಟ್ಟು ಇದನ್ನೇ ಅವರಿಗೆ ಹೇಳಲು ಹೊರಟೆ.