ಒರೆಸದ ಹಣೆ

ಹರಿಹರ
14-5-2025

ಪ್ರೀತಿಯ ರೌಫ್ ಭಾಯಿಗೆ ತಂಗಿ ನುಜತ್‌ಳ ಸಲಾಂ.

ನಿನ್ನ ಹಲ್ಲುನೋವು ಹೇಗಿದೆ? ಜೈಲಿನ ಮುದ್ದೆ ನುಂಗಲಿಕ್ಕಾದರೂ ಆಗುತ್ತಿದೆಯೇ? ನಾಳೆ ಅಮ್ಮಿ ನಿನ್ನನ್ನು ನೋಡಲು ದಾವಣಗೆರೆಗೆ ಬರುವಾಗ ಲವಂಗ ಕಟ್ಟಿ ಕಳಿಸುತ್ತೇನೆ, ಈ ಪತ್ರವೂ ಅದರ ಜೊತೆಗೇ. ನನಗೆ ಏಟು ಬಿದ್ದ ಸುದ್ದಿಯನ್ನು ಅಷ್ಟರಲ್ಲಿ ಯಾರಾದರೂ ನಿನ್ನ ಕಿವಿಗೆ ಹಾಕಿರುತ್ತಾರೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು ನೀನು; ಆ ಕೋಪದಲ್ಲೇ ಒಬ್ಬನ ತಲೆ ಒಡೆದು ಒಳಗೆ ಕೂತಿದ್ದೀಯ. ಸೋಮವಾರ ಜಾಮೀನಿನ ತೀರ್ಮಾನ. ಅಲ್ಲಿ ಇನ್ನೊಂದು ಹೊಡೆದಾಟವಾದರೆ ಜಾಮೀನು ಮರೆತುಬಿಡಿ ಎಂದು ವಕೀಲರು ಹೇಳಿದ್ದಾರೆ. ಆದ್ದರಿಂದ ಎದ್ದು ಕುಣಿಯದೆ ಓದು.

ಭಾನುವಾರ ಮಧ್ಯಾಹ್ನ ಕೊಂಡಜ್ಜಿ ಊರಿನ ಬಕ್ಕೇಶ್ ಎಂಬವನು ಆರು ವರ್ಷದ ಮಗಳು ಐಶ್ವರ್ಯಳನ್ನು ಹೆಗಲಿಗೆ ಹಾಕಿಕೊಂಡು ನಮ್ಮ ನರ್ಸಿಂಗ್ ಹೋಮಿಗೆ ಬಂದ. ಮೂರು ದಿನದ ಜ್ವರವಂತೆ. ಮೊದಲು ಉಕ್ಕಡಗಾತ್ರಿಯ ಅಜ್ಜಯ್ಯನ ಗುಡಿಗೆ ಹೋಗಿ ಬಂದಿದ್ದರು. ಮಗುವಿನ ಹಣೆ ತುಂಬ ನೀರಲ್ಲಿ ಕಲಸಿದ ವಿಭೂತಿ, ಗೋಡೆಗೆ ಸುಣ್ಣ ಬಳಿದ ಹಾಗೆ, ದಾರಿಯಲ್ಲೂ ಹಚ್ಚುತ್ತ ಬಂದಿದ್ದರಿಂದ ಇನ್ನೂ ಹಸಿ. ನಾನು ಅದರ ಮೇಲೆಯೇ ಥರ್ಮಾಮೀಟರ್ ಗನ್ ಹಿಡಿದೆ. ತೊಂಬತ್ತೆಂಟು ತೋರಿಸಿತು. ಚೀಟಿಯಲ್ಲಿ ಜ್ವರವಿಲ್ಲ ಎಂದು ಬರೆದು ಹೊರಗಿನ ಬೆಂಚಿಗೆ ಕಳಿಸಿದೆ. "ಮೈ ಸುಡ್ತೈತಲ್ರೀ" ಎಂದು ಅವನು ಎರಡು ಸಲ ಬಂದು ಕೇಳಿದ. ಮಿಷನ್ ಸುಳ್ಳು ಹೇಳುವುದಿಲ್ಲ ಎಂದು ಗದರಿಸಿದೆ.

ಮುಕ್ಕಾಲು ಗಂಟೆಯಲ್ಲಿ ಮಗುವಿಗೆ ಫಿಟ್ಸ್ ಬಂತು. ಡಾಕ್ಟರು ಓಡಿಬಂದು ಕಂಕುಳಲ್ಲಿ ನೋಡಿದರೆ ನೂರಾ ಐದು. ಬಕ್ಕೇಶ್ ಗ್ಲೂಕೋಸ್ ಸ್ಟ್ಯಾಂಡ್ ಎತ್ತಿ ನನ್ನ ತಲೆಗೇ ಬೀಸಿದ. ಎಡಗೈ ಅಡ್ಡ ಕೊಟ್ಟೆ. ಮೂಳೆ ಮುರಿದ ಸದ್ದು ನನಗೇ ಕೇಳಿತು. ಬಿದ್ದವಳನ್ನು ಸ್ಕಾರ್ಫ್ ಸಮೇತ ಜಡೆ ಹಿಡಿದು ಬಾಗಿಲವರೆಗೆ ಎಳೆದ, ಬಾಯಿಗೆ ಒದ್ದ. ಎರಡು ಹಲ್ಲು ಹೋದವು. "ನನ್ನ ಕೂಸು ಸತ್ರೆ ನಿನ್ನೂ ಇಲ್ಲೇ ಹೂಳ್ತೀನಿ" ಎನ್ನುತ್ತಲೇ ಬಾಗಿಲ ಗಾಜಿಗೆ ಸ್ಟ್ಯಾಂಡ್ ಬೀಸಿದ. ಚೂರು ಹಾರಿ ಅವನ ಕಿವಿಯೂ ಸೀಳಿತು. ಕಾಂಪೌಂಡರ್ ಗಿರೀಶ ಮತ್ತೆ ಇಬ್ಬರು ಸೇರಿ ಅವನನ್ನು ಬಿಡಿಸಿದರು. ನಿಜ ಹೇಳುತ್ತೇನೆ ಭಾಯಿ, ಆಗ ಕತ್ತರಿ ಕೈಗೆ ಸಿಕ್ಕಿದ್ದರೆ ಅವನ ಹೊಟ್ಟೆಗೆ ಹಾಕುತ್ತಿದ್ದೆ. ನಾನೂ ನಿನ್ನ ತಂಗಿಯೇ.

ಎಲ್ಲರೂ ಮಿಷನ್ ಕೆಟ್ಟಿತ್ತು ಎನ್ನುತ್ತಿದ್ದಾರೆ. ಕೆಟ್ಟಿರಲಿಲ್ಲ, ಹಸಿ ಹಣೆಯ ಮೇಲೆ ಹಿಡಿದರೆ ಅದು ಜ್ವರ ಕಡಿಮೆಯೇ ತೋರಿಸುತ್ತದೆ. ಹಣೆ ಒರೆಸಿ, ಪೂರ್ತಿ ಒಣಗಿದ ಮೇಲೆ ಎರಡು ಬೆರಳು ದೂರದಿಂದ ಹಿಡಿಯಬೇಕು ಎಂದು ಹೊಸಬರಿಗೆ ಕಲಿಸುವವಳೇ ನಾನು. ಹತ್ತಿಯನ್ನು ಕೈಗೆ ತೆಗೆದುಕೊಂಡೂ ಇದ್ದೆ. ಆದರೆ ಅದು ಅಜ್ಜಯ್ಯನ ವಿಭೂತಿ, ನಾನು ಸ್ಕಾರ್ಫ್ ಕಟ್ಟಿದವಳು. ಒರೆಸಿದರೆ ಎಲ್ಲಿ ಜಗಳ ಹೊತ್ತಿಕೊಳ್ಳುತ್ತದೋ ಎಂದು ಹೆದರಿ ಹತ್ತಿ ಕೆಳಗಿಟ್ಟೆ. ಒಂದು ಮಾತು ಕೇಳಿದ್ದರೆ ಆ ಅಪ್ಪನೇ ಒರೆಸುತ್ತಿದ್ದ. ಪೊಲೀಸರಿಗೂ ಹೀಗೇ ಬರೆಸಿದ್ದೇನೆ. ಹೊಡೆದದ್ದಕ್ಕೆ ಅವನ ಮೇಲೆ ಕೇಸು ನಡೆಯಲಿ, ಮಗುವಿನ ವಿಷಯದಲ್ಲಿ ತಪ್ಪು ನನ್ನದು. ಅವಳು ದಾವಣಗೆರೆಯ ಐಸಿಯುನಲ್ಲಿ ಮೂರು ದಿನದಿಂದ ಕಣ್ಣು ಬಿಟ್ಟಿಲ್ಲ. ನನಗೆ ಊಟ ಸೇರುತ್ತಿಲ್ಲ.

ಅಮ್ಮಿಯ ದುವಾ ಸದಾ ನಿನ್ನ ಮೇಲಿದೆ. ಮಾಮೂ ಯಾವಾಗ ಬರುತ್ತಾನೆ ಎಂದು ನನ್ನ ಮಗಳು ಫಿಜಾ ದಿನವೂ ತಲೆ ತಿನ್ನುತ್ತಾಳೆ.

ನಿನ್ನ ತಂಗಿ,
ನುಜತ್

ತಾ.ಕ. (ಗುರುವಾರ): ಅಮ್ಮಿ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ಬಕ್ಕೇಶನನ್ನು ನಿಮ್ಮ ಜೈಲಿಗೇ ಹಾಕಿದ್ದಾರೆ ಎಂದು ಈಗ ಗೊತ್ತಾಯಿತು. ಕಿವಿಗೆ ಪಟ್ಟಿ ಕಟ್ಟಿರುತ್ತದೆ. ಗುರುತು ಹೇಳುತ್ತಿರುವುದು ಹೊಡೆಯಲಿಕ್ಕಲ್ಲ. ಬೆಳಿಗ್ಗೆ ಮಗು ಕಣ್ಣು ಬಿಟ್ಟು "ನಮ್ಮಪ್ಪ ಎಲ್ಲಿ" ಎಂದು ಕೇಳಿತಂತೆ, ಡಾಕ್ಟರು ಫೋನ್ ಮಾಡಿದ್ದರು. ಅವನಿಗೆ ಇನ್ನೂ ಗೊತ್ತಿಲ್ಲ. ನೀನೇ ಹೋಗಿ ಹೇಳು. ಮೊದಲು ಮಗುವಿನ ಸುದ್ದಿ ಹೇಳು, ನೀನು ಯಾರ ಅಣ್ಣ ಎಂಬುದನ್ನು ಆಮೇಲೆ ಹೇಳು.