ಪಾದ್ರಿಗಳ ತಳಿ, ಹಾಲಿನವನ ನಾಯಿ

ಪ್ರೀತಿಯ ಪಪ್ಪಾ,

ಇಲ್ಲಿ ಗಲ್ಫಿನ ಅಲ್ ರೀಮ್‌ನಲ್ಲಿ ನಮ್ಮ ಕೆಳಗಿನ ಮಹಡಿಯ ಇಂಗ್ಲಿಷ್ ಹೆಂಗಸು ಮಾರ್ಗರೆಟ್ ಕಳೆದ ತಿಂಗಳು ಲಿಫ್ಟಿನಲ್ಲಿ ತನ್ನ ನಾಯಿಯ ಪರಿಚಯ ಮಾಡಿಸಿದಳು. ಬಿಳಿ ಮೈ, ಒಂದು ಕಣ್ಣಿನ ಮೇಲೆ ಕಂದು ಮಚ್ಚೆ. ಥೇಟ್ ನಮ್ಮ ರಾಣಿ! ಹಿಂದೆ ಅವರ ದೇಶದ ಹಳ್ಳಿ ಪಾದ್ರಿಯೊಬ್ಬರು ಹಾಲು ಮಾರುವವನಿಂದ ಒಂದು ಹೆಣ್ಣುನಾಯಿ ಕೊಂಡರಂತೆ. ಈ ಟೆರಿಯರ್ ತಳಿಯೆಲ್ಲ ಅದರಿಂದಲೇ ಬಂದದ್ದಂತೆ, ಅದಕ್ಕೆ ಪಾದ್ರಿಯದೇ ಹೆಸರಂತೆ. "ಹಾಲಿನವನ ಹೆಸರೇನು?" ಎಂದೆ. "ಯಾರಿಗೆ ಗೊತ್ತು!" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವನು ಮನಸಾರೆ ಮಾರಿದನೋ, ಪಾದ್ರಿಗೆ ಇಲ್ಲ ಎನ್ನಲಾಗದೆ...

ನೆನಪಿದೆಯಾ, ನೀವು ಸೈಕಲ್ಲಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೊರಟರೆ ರಾಣಿ ಮುಂದೆ ಓಡುತ್ತಿದ್ದಳು. ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಅವಳಿರಲಿಲ್ಲ. "ಫಾದರ್ ಕೇಳಿದ್ರು, ಕೊಟ್ಟೆ" ಎಂದಿರಿ, ನನ್ನ ಮುಖ ನೋಡದೆ. ಮುಂದೆ ಅವಳ ಮರಿಗಳು ಊರೆಲ್ಲ ಹಂಚಿಹೋದವು, ಜನ ಅವನ್ನು 'ಪಾದ್ರಿಗಳ ತಳಿ' ಎಂದರು. ಗ್ರೆಗರಿ ಎಂಬ ನಿಮ್ಮ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಆ ಫಾದರ್ ಮೇಲೆ ನನಗೆ ಅಂದಿನಿಂದಲೂ ಗುಮಾನಿ. ಕ್ರಿಸ್ಮಸ್ಸಿಗೆ ಅವರು ಕೊಟ್ಟ ಕೇಕನ್ನೂ ಮೂಸಿ ನೋಡಿಯೇ ತಿಂದವಳು ನಾನು.

ಬೇರೆಯವರ ಹಾಲನ್ನು ಬೆರಳಿಗೆ ಹಚ್ಚಿ ನೋಡುತ್ತ, ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಿದ್ದವರು ನೀವೇ ಅಲ್ಲವೇ? ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಒಂದಕ್ಕೆ ಒಂದು ಫ್ರೀ ಎಂದರೆ ನಾನು ಎರಡರ ತಾರೀಖನ್ನೂ ಓದುತ್ತೇನೆ.

ಕಳೆದ ಭಾನುವಾರ ಮಂಗಳೂರಿಗೆ, ನೀವು ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿರುವ ಮಮ್ಮಿಗೆ ಫೋನ್ ಮಾಡಿದೆ. ಫಾದರ್ ನಾಯಿಯನ್ನು ಕಿತ್ತುಕೊಂಡದ್ದೇ ಅಲ್ಲವೇ ಎಂದು ನೇರವಾಗಿ ಕೇಳಿಯೇಬಿಟ್ಟೆ.

"ಅಯ್ಯೋ ಮಾರಾಯ್ತಿ, ಅವ್ರು ಕೇಳ್ಲೇ ಇಲ್ಲ! ನಿಂಗೆ ಕಾನ್ವೆಂಟಲ್ಲಿ ಸೀಟು ಕೊಡಿಸಿದ್ರಲ್ಲ, ಸುಮ್ನೆ ಯಾರಾದ್ರೂ ಮಾಡ್ತಾರಾ ಅಂತ ನಿನ್ನ ಪಪ್ಪನಿಗೆ ಸಂಶಯ. ನಾಳೆ ಎಂತದಾದ್ರೂ ಕೇಳುದು ಬೇಡ ಅಂತ ಇವ್ರೇ ರಾಣಿಯನ್ನು ಅಲ್ಲಿ ಕಟ್ಟಿ ಬಂದ್ರು. ಫಾದರ್ ವಾಪಸ್ ಕಳಿಸಿದ್ರೂ ಇವ್ರು ಒಪ್ಲಿಲ್ಲ."

ಪಪ್ಪಾ, ಆ ಸೀಟಿನಿಂದಲ್ಲವೇ ನಾನು ನರ್ಸ್ ಆದದ್ದು, ಈ ಊರಿಗೆ ಬಂದದ್ದು? ನನಗೆ ಯಾರ ಹಂಗೂ ಇರಬಾರದೆಂದು ನಿಮ್ಮ ಜೀವದಂಥ ನಾಯಿಯನ್ನೇ ಕೊಟ್ಟುಬಂದಿರಿ, ಅದೂ ಯಾರೂ ಕೇಳದೆ. ಒಂದು ಮಾತು ಹೇಳಿದ್ದರೆ... ಹೇಳಿದ್ದರೆ ನಾನಾದರೂ ನಂಬುತ್ತಿದ್ದೆನೇ?

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಇಲ್ಲಿಂದ ದೂರದ ರುವೈಸ್‌ನಲ್ಲಿ ಕೆಲಸ ಮಾಡುವ ನಿಮ್ಮ ಅಳಿಯ ದಾರಿಯಲ್ಲಿ ಸಿಕ್ಕ ಮರಿಯೊಂದನ್ನು ಮನೆಗೆ ತಂದಿದ್ದಾರೆ. ಮರಳಿನ ಬಣ್ಣ, ಕುಲಗೋತ್ರ ಯಾವುದೂ ಗೊತ್ತಿಲ್ಲ. ನಿನ್ನೆ ಲಿಫ್ಟಿನಲ್ಲಿ ಮಾರ್ಗರೆಟ್ ಯಾವ ತಳಿ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಈ ಕತೆಯನ್ನೆಲ್ಲ ನನ್ನಿಂದ ಕೇಳಿದ್ದ ನಿಮ್ಮ ಮೊಮ್ಮಗಳು ರಿಯಾ, "ಗ್ರೆಗರಿ ಟೆರಿಯರ್" ಎಂದಳು. "ಮೈ ಗ್ರ್ಯಾಂಡ್‌ಪಾ. ಹಿ ವಾಸ್ ಎ ಮಿಲ್ಕ್‌ಮ್ಯಾನ್."

ಮಾರ್ಗರೆಟ್ ಬಗ್ಗಿ ಮರಿಯ ತಲೆ ಸವರಿ, ಒಳ್ಳೆಯ ತಳಿ ಎಂದಳು. ನಂಬಿದಳು ಪಪ್ಪಾ, ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ.

ನಿಮ್ಮ ಮಗಳು,
ಲೀನಾ