ಸೂರ್ಯನ ಮೇಲಿನ ದೂರು ವಾಪಸ್

ಮೂರನೇ ಮಹಡಿ, ಕಿಟಕಿ ಪಕ್ಕದ ಮೇಜು
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಪ್ಪಾ,

ನಮಸ್ಕಾರ. ಮಂಡಿನೋವು ಹೇಗಿದೆ? ಊಟ, ನಿದ್ದೆ ಸರಿಯಾಗಿದೆ ತಾನೆ? ನಾನು ಚೆನ್ನಾಗಿದ್ದೇನೆ, ನನ್ನ ಮರ್ಯಾದೆಗೆ ಮಾತ್ರ ಸ್ವಲ್ಪ ಹುಷಾರಿಲ್ಲ. ಅಕ್ಷರ ಇಷ್ಟು ದಪ್ಪಗೆ ಬರೆದದ್ದು, ಓದಲಾಗಲಿಲ್ಲ ಎಂಬ ನೆಪ ನಿಮಗೆ ಸಿಗದಿರಲಿ ಎಂದು. ಫೋನಿನಲ್ಲಾದರೆ ಕಣ್ಣಿನ ಪೊರೆಯ ಮಾತು ಬಂದ ಕೂಡಲೇ ನಿಮಗೆ ಸಿಗ್ನಲ್ ಹೋಗುತ್ತದೆ.

ಕಣ್ಣು ಸರಿಯಿದೆ, ಬಿಸಿಲೇ ಮಂಕಾಗಿದೆ ಎಂದು ವಾದಿಸುವ ನಿಮಗೆ ಹೋದ ತಿಂಗಳು ನಾನೇ ಫೋನ್ ಮಾಡಿ, “ಅಪ್ಪಾ, ನೀವು ಹೇಳಿದ್ದು ನಿಜ ಇರ್ಬಹುದು, ಸೂರ್ಯ ಕೊಂಚ ಮಂಕಾಗಿದ್ದಾನೆ” ಎಂದಿದ್ದೆ. ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ? ಮರುದಿನವೇ ಆಸ್ಪತ್ರೆಗೆ ಹೋಗಿ, “ನನ್ನ ಕಣ್ಣಲ್ಲೇನೂ ಇಲ್ಲ ಡಾಕ್ಟ್ರೇ, ತೊಂದ್ರೆ ಮೇಲಿಂದ್ಲೇ ಬರ್ತಿದೆ, ನನ್ನ ಮಗಳೇ ಅಳತೆ ಮಾಡಿ ನೋಡಿದ್ದಾಳೆ” ಎಂದು ಆಪರೇಷನ್ ರದ್ದು ಮಾಡಿಸಿ ಬಂದಿರಂತೆ. ಅದಕ್ಕೇ ಈ ಪತ್ರ. ಸೂರ್ಯನ ಮೇಲಿನ ದೂರನ್ನು ಅಧಿಕೃತವಾಗಿ ಹಿಂತೆಗೆದುಕೊಳ್ಳುತ್ತಿದ್ದೇನೆ.

ನಡೆದದ್ದು ಇಷ್ಟು. ಮೋಡ, ಧೂಳು ಅಡ್ಡ ಬಾರದಿರಲಿ ಎಂದು ನಮ್ಮ ಉಪಗ್ರಹ ಗಾಳಿಯ ಆಚೆ ನಿಂತು ಬಿಸಿಲನ್ನು ಅಳೆಯುತ್ತದೆ. ಅದರೊಳಗೆ ಕಪ್ಪು ಬಳಿದ ಎರಡು ಪುಟ್ಟ ಬಟ್ಟಲುಗಳಿವೆ. ಒಂದು ಪ್ರತಿದಿನ ಬಿಸಿಲು ಕುಡಿದು, ಎಷ್ಟು ಕಾದೆನೆಂದು ವರದಿ ಒಪ್ಪಿಸುತ್ತದೆ. ಕಾಲ ಕಳೆದಂತೆ ಅದರ ಕಪ್ಪು ಮಾಸುತ್ತದೆ, ಆಗ ಕಡಿಮೆ ಹೀರಿ ಕಡಿಮೆ ಅಂಕಿ ಕೊಡುತ್ತದೆ. ಅದಕ್ಕೆಂದೇ ಇನ್ನೊಂದನ್ನು ಮುಚ್ಚಳದಡಿ ಇಟ್ಟು, ತಿಂಗಳಿಗೊಮ್ಮೆ ತೆರೆದು, ಎರಡನ್ನೂ ತಾಳೆ ನೋಡಬೇಕು. ತೆರೆಸುವ ಕೆಲಸ ನನ್ನದು. ಹೊಸ ಬಟ್ಟೆಯನ್ನು ಬೀರುವಿನಲ್ಲೇ ಇಟ್ಟು ಹಳತು ಮಾಡುವವರ ಹಾಗೆ ನಾನು, ಹಾಳಾದೀತೆಂದು ಒಂಬತ್ತು ತಿಂಗಳು ತೆರೆಸಲೇ ಇಲ್ಲ.

ಅಂಕಿ ಇಳಿಯಿತು. ಹನ್ನೊಂದು ವರ್ಷದ ಸುತ್ತಿನಲ್ಲಿ ಸೂರ್ಯನ ಬೆಳಕು ಏರಿಳಿಯುವುದೇ ಸಾವಿರದಲ್ಲಿ ಒಂದು ಪಾಲಿನಷ್ಟು. ಇದು ಅದನ್ನೂ ಮೀರಿತು. ನಾವು ಬೆನ್ನ ಹಿಂದೆ ಗಂಭೀರಪ್ಪ ಎನ್ನುವ ನಮ್ಮ ಮುಖ್ಯಸ್ಥರು ಕನ್ನಡಕ ತೆಗೆದು, ಕಿಟಕಿಯಾಚೆಯ ಬಿಸಿಲನ್ನು ಸಂತಾಪದಿಂದ ನೋಡಿದರು. ಲೇಖನ ಅರ್ಧ ಸಿದ್ಧವಾಯಿತು. ಮೊನ್ನೆ ಹೆದರುತ್ತಲೇ ಮುಚ್ಚಳ ತೆರೆಸಿದೆ. ಎರಡನೆಯ ಬಟ್ಟಲಿನ ಪ್ರಕಾರ ಸೂರ್ಯ ಗುಂಡುಕಲ್ಲಿನ ಹಾಗಿದ್ದಾನೆ. “ಏನಮ್ಮಾ, ಚೆನ್ನಾಗಿರೋ ಸೂರ್ಯನ್ನ ಆಸ್ಪತ್ರೆಗೆ ಸೇರಿಸ್ಬಿಟ್ಟಿದ್ಯಲ್ಲ” ಎಂದರು ಗಂಭೀರಪ್ಪ. ನಾನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದು ನಿಮ್ಮನ್ನು ಎಂದು ಅವರಿಗೇನು ಗೊತ್ತು.

ಅಪ್ಪಾ, ಸೂರ್ಯ ನಿಜಕ್ಕೂ ಅಷ್ಟು ಮಂಕಾಗಿದ್ದರೂ ಆ ವ್ಯತ್ಯಾಸ ಯಾವ ಫೋಟೋಗ್ರಾಫರನ ಕಣ್ಣಿಗೂ ಕಾಣದು. ಅವತ್ತೇ ಹೇಳಬೇಕಿತ್ತು. ಎಷ್ಟೋ ವರ್ಷಕ್ಕೆ ನಿಮ್ಮ ಮಾತಿಗೆ ಹೂಂ ಅನ್ನುವ ಅವಕಾಶ ಸಿಕ್ಕಿತ್ತು, ಬಿಡಲು ಮನಸ್ಸಾಗಲಿಲ್ಲ.

ತಮ್ಮನನ್ನೂ ಅವನ ಹೆಂಡತಿಯನ್ನೂ ಕೇಳಿದೆನೆಂದು ಹೇಳಿ. ಅವರ ಪುಟ್ಟಿಗೆ ಎರಡು ಮುತ್ತು.

ಬೈಗುಳದ ಜೊತೆಗೇ ಆಶೀರ್ವಾದವನ್ನೂ ಬೇಡುವ,
ನಿಮ್ಮ ಹಿರಿಮಗಳು

ತಾ.ಕ.: ಭಾನುವಾರ ಹೊಸ್ತಿಲು ಕಾಣದೆ, ಪುಟ್ಟಿಯನ್ನು ಎತ್ತಿಕೊಂಡೇ ಮುಗ್ಗರಿಸಿದಿರಂತೆ. “ಅಕ್ಕನಿಗೆ ಹೇಳ್ಬೇಡ” ಎಂದಿರಂತೆ. ತಮ್ಮ ಹೇಳಿಬಿಟ್ಟ. ಬರುವ ವಾರ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಡಾಕ್ಟರ ಬಳಿ ಮತ್ತೆ ಸಮಯ ಕೇಳಿಕೊಂಡಿದ್ದೇನೆ, ಹಿಂದಿನ ದಿನವೇ ಬರುತ್ತೇನೆ. ಅಲ್ಲಿಯವರೆಗೆ ಮಗುವನ್ನು ಎತ್ತಿಕೊಳ್ಳಬೇಡಿ, ಕೂತೇ ಮಾತಾಡಿಸಿ.